ಬೀಳಿಸುವ ವಿದ್ಯೆ, ಬಗ್ಗುವ ಅಭ್ಯಾಸ

ನಾನು ಮುಖ ಗಂಟಿಕ್ಕಿಕೊಂಡು ಶ್ರದ್ಧೆಯಿಂದ ಮಾಡುವ ಕೆಲಸವೇ ಊರವರಿಗೆ ನಗೆಪಾಟಲಾಗುವುದು ನನ್ನ ಜಾತಕದಲ್ಲೇ ಬರೆದಿರಬೇಕು. ಎಪ್ಪತ್ತರ ದಶಕದಲ್ಲಿ ಜೂಡೋ ಕಲಿಯಲು ಹೋದಾಗಲಂತೂ ವಾರಕ್ಕೊಂದು ಪ್ರಸಂಗ ತಪ್ಪುತ್ತಿರಲಿಲ್ಲ.

ಕಲಿಯಲು ಕಾರಣವಿತ್ತು. ಆಗ ನಾನು ಮೆಜೆಸ್ಟಿಕ್ ಹತ್ತಿರದ ಆಫೀಸೊಂದರಲ್ಲಿ ಟೈಪಿಸ್ಟ್. ಮನೆ ವಿಜಯನಗರದಲ್ಲಿ. ಬಸ್ ಸ್ಟಾಪಿನಿಂದ ಮನೆವರೆಗೆ ಬರೀ ಖಾಲಿ ಸೈಟುಗಳು. ಅಲ್ಲಿ ಯಾರದೋ ಬ್ಯಾಗ್ ಕಿತ್ತುಕೊಂಡು ಓಡಿದರೆಂಬ ಸುದ್ದಿ ಬಂದದ್ದೇ ತಡ, ಅಪ್ಪ ಮಂಡಿನೋವಿನಲ್ಲೇ ದಿನಾ ಸಂಜೆ ಟಾರ್ಚು, ಕೊಡೆ ಹಿಡಿದು ಸ್ಟಾಪಿಗೆ ಬರತೊಡಗಿದರು. ಒಂದು ದಿನ ಹೇಳಿಯೂಬಿಟ್ಟರು: "ಯುಗಾದಿವರೆಗೆ ನೋಡ್ತೀನಮ್ಮ. ಅಷ್ಟರಲ್ಲಿ ನಿನ್ನ ಒಬ್ಬಳೇ ಬಿಡೋ ಧೈರ್ಯ ನನಗೆ ಬರದಿದ್ರೆ, ಕೆಲಸ ಬಿಟ್ಬಿಡು."

ಧೈರ್ಯ ಬರಬೇಕಾದದ್ದು ಅವರಿಗೆ, ಅದಕ್ಕಾಗಿ ಒದ್ದಾಡಬೇಕಾದದ್ದು ನಾನು! ಆ ಕೆಲಸವೆಂದರೆ ನನಗೆ ಪ್ರಾಣ. ಮುಂದಿನ ಭಾನುವಾರವೇ ರಾಜಾಜಿನಗರದ ಶಾಲೆಯೊಂದರ ಹಾಲಿನಲ್ಲಿ ನಡೆಯುತ್ತಿದ್ದ ಹೆಂಗಸರ ಜೂಡೋ ಕ್ಲಾಸಿಗೆ ಸೇರಿದೆ.

ಮೊದಲ ಪಾಠ

ಮಾಸ್ಟರು ವಾರವೆಲ್ಲ ಕಾರ್ಖಾನೆಯಲ್ಲಿ ಫಿಟ್ಟರ್, ಭಾನುವಾರ ಮಾತ್ರ ಜೂಡೋ. "ಇನ್ನೊಬ್ಬರನ್ನ ಎಸೆಯೋಕೆ ಮುಂಚೆ ನೀವು ಬೀಳೋದು ಕಲೀಬೇಕು" ಎಂದರು. ಒಂದು ತಿಂಗಳು ಬಿದ್ದೆವು. ಹಿಂದಕ್ಕೆ ಬಿದ್ದೆವು, ಪಕ್ಕಕ್ಕೆ ಬಿದ್ದೆವು, ಉರುಳಿ ಬಿದ್ದೆವು. ಬಿದ್ದಾಗ ಪೆಟ್ಟಾಗದಂತೆ ಅಂಗೈಯಿಂದ ನೆಲ ಬಡಿಯಬೇಕಿತ್ತು. ಸೋಮವಾರ ಆಫೀಸಿನಲ್ಲಿ ಟೈಪ್‌ರೈಟರ್ ಮುಟ್ಟಿದರೆ ಬೆರಳುಗಳು ಚೀರುತ್ತಿದ್ದವು.

ತಿಂಗಳು ಮುಗಿದಾಗ ಅಪ್ಪ ಪೇಪರಿನಿಂದ ತಲೆಯೆತ್ತಿ ಕೇಳಿದರು: "ಏನು ಕಲಿತೆ?"

"ಬೀಳೋದು."

"ಅದನ್ನ ನೀನು ಒಂದು ವರ್ಷದವಳಿದ್ದಾಗಲೇ ಚೆನ್ನಾಗಿ ಮಾಡ್ತಿದ್ದೆಯಲ್ಲಮ್ಮ!"

ಕಾಲು ತಾಗಿತು

ಎರಡನೇ ತಿಂಗಳು ಎಸೆತ ಶುರುವಾಯಿತು. ಮೊದಲ ಪಟ್ಟು ಬಹಳ ಸುಲಭ. ಎದುರಿನವರ ತೋಳು ಹಿಡಿದು ಎಳೆದು, ಅವರ ಹಿಮ್ಮಡಿಯನ್ನು ಕಾಲಿನಿಂದ ಸವರಿಬಿಟ್ಟರೆ ಧೊಪ್ಪೆಂದು ಬೀಳುತ್ತಾರೆ.

ಆದರೆ ನಮ್ಮದು ಎಂಥ ಮನೆ! ಯಾರಿಗೇ ಕಾಲು ತಾಗಲಿ, ತಕ್ಷಣ ಬಗ್ಗಿ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಅಜ್ಜಿ ಇದನ್ನು ನನಗೆ ಮಾತಿಗಿಂತ ಮೊದಲೇ ಕಲಿಸಿದ್ದರು. ನನ್ನ ಜೋಡಿಯಾಗಿದ್ದವರು ಬಸವೇಶ್ವರನಗರದ ಹೈಸ್ಕೂಲ್ ಟೀಚರ್. ವಯಸ್ಸಿನಲ್ಲಿ ಹಿರಿಯರು ಬೇರೆ. ಅವರನ್ನು ಬೀಳಿಸಿದೆ, ಕೂಡಲೇ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅವರು ಮಲಗಿದಲ್ಲಿಂದಲೇ "ಒಳ್ಳೇದಾಗ್ಲಿ" ಎಂದರು. ಸುತ್ತ ನೋಡಿದರೆ ಹಾಲಿನ ತುಂಬ ಅರ್ಧ ಜನ ಬಿದ್ದಿದ್ದಾರೆ, ಇನ್ನರ್ಧ ಜನ ಬಗ್ಗಿದ್ದಾರೆ.

ಮಾಸ್ಟರು ತಲೆ ಚಚ್ಚಿಕೊಂಡರು. "ಏನ್ರಮ್ಮಾ, ಇದು ಜೂಡೋ ಕ್ಲಾಸಾ, ಗೌರಿ ಹಬ್ಬಾನಾ?"

ಪಕ್ಕದ ಮನೆ ಆಂಟಿ

ಮೂರನೇ ತಿಂಗಳು ಸೊಂಟದ ಪಟ್ಟು ಕಲಿತೆ. ಎದುರಾಳಿಯನ್ನು ಬೆನ್ನಿನ ಮೇಲೇರಿಸಿಕೊಂಡು ಮುಂದಕ್ಕೆ ಎಸೆಯುವುದು. ಸುದ್ದಿ ತಿಳಿದು ಪಕ್ಕದ ಮನೆ ಆಂಟಿ ಬಂದರು. ಆಳು ಭರ್ತಿ. "ನನ್ನ ಎತ್ತಿಬಿಡು, ಒಪ್ಕೋತೀನಿ" ಎಂದು ಸೆರಗು ಸಿಕ್ಕಿಸಿ ನಿಂತೇಬಿಟ್ಟರು.

ನನಗೂ ಹುಮ್ಮಸ್ಸು. ತೋಳು ಹಿಡಿದೆ, ತಿರುಗಿದೆ, ಆಂಟಿ ನನ್ನ ಬೆನ್ನ ಮೇಲೆ ಬಂದರು. ಆಗ ಹೊಳೆಯಿತು: ಕೆಳಗಿರುವುದು ರೆಡ್ ಆಕ್ಸೈಡ್ ನೆಲ! ಎಸೆದರೆ ಆಂಟಿ ಉಳಿಯುವುದಿಲ್ಲ, ಇಳಿಸೋಣವೆಂದರೆ ನನ್ನ ಸೊಂಟ ಮಾತು ಕೇಳುತ್ತಿಲ್ಲ.

"ಅಜ್ಜೀ, ಹಾಸಿಗೆ!" ಎಂದು ಕೂಗಿದೆ.

ಅಜ್ಜಿ ಹಾಸಿಗೆಯೇನೋ ಎಳೆದು ತಂದರು. ಆದರೆ ಅದರ ಮೇಲೆ ಅಂದೇ ಒಗೆದ ಚಾದರವಿತ್ತು. ಅದನ್ನು ತೆಗೆದು, ಕೊಡವಿ, ನಾಲ್ಕು ಮೂಲೆ ಸರಿಯಾಗಿ ಹಿಡಿದು ಮಡಚತೊಡಗಿದರು. ನನ್ನ ಕಾಲು ಗಡಗಡ ನಡುಗುತ್ತಿತ್ತು. ಮೇಲಿನಿಂದ ಆಂಟಿ ನನ್ನ ಕಿವಿಯಲ್ಲಿ, "ಬೇಗ ಎಸಿಯೇ, ಸ್ಟೌ ಮೇಲೆ ಮಜ್ಜಿಗೆಹುಳಿ ಇಟ್ಟು ಬಂದಿದೀನಿ!" ಎಂದರು.

ಸ್ಟಾಪಿನ ದಾರಿ

ಯುಗಾದಿಗೆ ಒಂದು ವಾರವಿತ್ತು. ಅಪ್ಪನಿಗೆ ಧೈರ್ಯ ಬರುವ ಲಕ್ಷಣವೇ ಕಾಣಲಿಲ್ಲ. ನಾನು ಮನಸ್ಸಿನಲ್ಲೇ ರಾಜೀನಾಮೆ ಪತ್ರ ಟೈಪ್ ಮಾಡಿಕೊಂಡು ಅಳು ನುಂಗುತ್ತಿದ್ದೆ.

ಅಂದು ಸಂಜೆ ಬಸ್ಸು ಬೇಗ ಬಂದಿತು, ಅಪ್ಪ ಇನ್ನೂ ಬಂದಿರಲಿಲ್ಲ. ಒಬ್ಬಳೇ ಹೊರಟೆ. ಖಾಲಿ ಸೈಟಿನ ಹತ್ತಿರ ಒಬ್ಬ ಗಂಡಸು ಹಿಂದಿನಿಂದ ಬಂದು ಬ್ಯಾಗಿಗೆ ಕೈಹಾಕಿ ಎಳೆದ. ನನ್ನ ಕೈಕಾಲು ತಮ್ಮ ಪಾಠ ಮರೆತಿರಲಿಲ್ಲ. ಅವನ ತೋಳು ಹಿಡಿದೆಳೆದು ಹಿಮ್ಮಡಿ ಸವರಿದೆ. ಆಸಾಮಿ ಕುಂಡೆಯೂರಿ ಕೂತುಬಿಟ್ಟ.

ಆಗ ಓಡಬೇಕಿತ್ತು, ಇಲ್ಲವೇ ಕೂಗಬೇಕಿತ್ತು. ನಾನು ಮಾಡಿದ್ದೇನು? ಕಾಲು ತಾಗಿತಲ್ಲ! ಬಗ್ಗಿದೆ, ಅವನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು.

ಬೀಳುವಾಗ ಅವನ ಕಾಲೂ ನನಗೆ ತಾಗಿತ್ತು. ಅವನಿಗೂ ಒಬ್ಬ ಅಜ್ಜಿ ಇದ್ದಿರಬೇಕು. "ತಪ್ಪಾಯ್ತಕ್ಕ" ಎನ್ನುತ್ತ ಅವನೂ ಅದೇ ಗಳಿಗೆಯಲ್ಲಿ ನನ್ನ ಪಾದದತ್ತ ಬಗ್ಗಿದ.

ತಲೆಗೆ ತಲೆ ಢಣ್ಣೆಂದಿತು! ನಾನು ನಿಂತೆ, ಅವನು ಅಂಗಾತ ಮಲಗಿದ.

ಟಾರ್ಚು ಬೀಸುತ್ತ ಓಡಿಬಂದ ಅಪ್ಪ ಎಲ್ಲವನ್ನೂ ನೋಡಿದ್ದರು. ಜನ ಸೇರಿ ಅವನನ್ನು ಪೊಲೀಸರಿಗೆ ಒಪ್ಪಿಸಿದರು. ಮನೆಗೆ ಬಂದಾಗ ನನ್ನ ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು. ಅಪ್ಪ ಒದ್ದೆ ಬಟ್ಟೆ ಒತ್ತುತ್ತ, "ನಾಳೆಯಿಂದ ಒಬ್ಬಳೇ ಬಾಮ್ಮ" ಎಂದರು. ನನಗೆ ಅಷ್ಟೇ ಸಾಕಿತ್ತು, ಅತ್ತೇಬಿಟ್ಟೆ.

ಅಪ್ಪ ಮಾತು ಮುಂದುವರಿಸಿದರು: "ಆ ಮಾಸ್ಟರಿಗೆ ಒಂದು ಫಲತಾಂಬೂಲ ಕೊಟ್ಟು ಬರಬೇಕು."

ದೇವರ ಕೋಣೆಯಿಂದ ಅಜ್ಜಿ ದನಿ ಬಂತು: "ಅವನಿಗ್ಯಾಕೋ? ಅವನು ಕಲಿಸಿದ್ದಕ್ಕೆ ಕಳ್ಳ ಕೂತ ಅಷ್ಟೆ. ಮಲಗಿಸಿದ್ದು ನಾನು ಕಲಿಸಿದ್ದು!"