ಸಾವಿರ ಪ್ಯಾಕೆಟ್ಟಿಗೆ ಒಂದು

ಎಲ್ಲವನ್ನೂ ಎಣಿಸಿ ನೋಡದೆ ಏನನ್ನೂ ನಂಬುವುದು ನನ್ನಿಂದಾಗದು. ಇದನ್ನು ಗುಣವೆಂದು ತಿಳಿದೇ ಇಷ್ಟು ವರ್ಷ ಕಳೆದೆ. ನಮ್ಮ ಮಡಕಶಿರದ ಕಡೆ ಕಡಲೆಕಾಯಿ ವ್ಯಾಪಾರಿ ಮೂಟೆಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ, ನಾಲ್ಕು ಕಾಯಿ ಒಡೆಯುತ್ತಾನೆ, ಇಡೀ ಮೂಟೆಯ ಹಣೆಬರಹ ಹೇಳಿಬಿಡುತ್ತಾನೆ. "ಆ ಮೂಲೇಗೂ ಕೈ ಹಾಕಪ್ಪ, ತಳಕ್ಕೂ ಹಾಕು" ಎಂದು ಅವನೊಡನೆ ಹಗಲೆಲ್ಲ ಜಗಳವಾಡುತ್ತಿದ್ದವರು ನಮ್ಮಪ್ಪ. ನಾನು ಅವರ ಮಗ.

ಈಗ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಒಂದು ಕಾರ್ಖಾನೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ಅಲ್ಲಿ ದಿನಾ ಹನ್ನೊಂದು ಗಂಟೆಗೆ ನೆಟ್ಟು ಕುಂಟತೊಡಗಿತು. ಬಳ್ಳಾರಿಗೆ ಕಳಿಸಬೇಕಾದ ಡಿಸೈನು ಅರ್ಧದಲ್ಲೇ ನಿಂತು ಸುತ್ತುತ್ತಿತ್ತು. ಕಾರ್ಖಾನೆಯ ಮಾಲೀಕರಾದ ಸಾವ್ಕಾರರಿಗೆ ಆಗಲೇ ಕಳ್ಳರು ಸಿಕ್ಕಿದ್ದರು: ಪ್ಯಾಟರ್ನ್ ವಿಭಾಗದ ಸರೋಜಕ್ಕ.

"ಮನಿಯಾಗ ಕುಂತು ಕ್ಯಾಮೆರಾದಾಗ ನೋಡೀನ್ರಿ. ಹನ್ನೊಂದಕ್ಕ ಟೀ ಕುಡೀತಾ ಆಕೀದು ತಂಗಿ ಕೂಡ ವಿಡಿಯೋ ಕಾಲ್, ನಮ್ಮ ನೆಟ್ಟಿನಾಗ. ಸೋಮವಾರದಿಂದ ಬರಬ್ಯಾಡ ಅಂತ ಹೇಳಿಬಿಡ್ರಿ."

"ಎರಡು ದಿನ ಕೊಡಿ ಸಾರ್, ಲೆಕ್ಕ ತೋರಿಸ್ತೀನಿ" ಎಂದೆ.

ಎಲ್ಲ ತಂತಿಗಳೂ ಬಂದು ಸೇರುವ ಪೆಟ್ಟಿಗೆಗೆ ನಾವು ಸ್ವಿಚ್ ಎನ್ನುತ್ತೇವೆ. ಯಾರು ಏನು ಕಳಿಸಿದರೂ ಅದು ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ಇದನ್ನು ದಾಟಿಯೇ ಹೋಗಬೇಕು. ಸಾವಿರ ಪ್ಯಾಕೆಟ್ಟಿಗೆ ಒಂದನ್ನು ಹಿಡಿದು, ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ ಎಂದು ಕೇಳಿ, ಆ ವಿವರವನ್ನು ನನ್ನ ಕಂಪ್ಯೂಟರಿಗೆ ಕಳಿಸು ಎಂದು ಸ್ವಿಚ್ಚಿಗೆ ಹೇಳಬಹುದು. ಅಷ್ಟರಿಂದಲೇ ಯಾರ ಪಾಲು ಎಷ್ಟೆಂದು ತಿಳಿಯುತ್ತದಂತೆ. ಓದಿದೆ, ಅರ್ಥವಾಯಿತು, ನಂಬಲಿಲ್ಲ. ಒಬ್ಬ ಹೆಂಗಸಿನ ಕೆಲಸದ ಪ್ರಶ್ನೆ. ಉಳಿದ ಒಂಬೈನೂರ ತೊಂಬತ್ತೊಂಬತ್ತರ ಗತಿಯೇನು? ಸಾವಿರ ಎಂದಿರಬೇಕಾದಲ್ಲಿ ಒಂದು ಎಂದು ಬರೆದೆ. ಅಂದರೆ, ಒಂದನ್ನೂ ಬಿಡದೆ ವಿಚಾರಿಸು.

ಸ್ವಿಚ್ಚಿನ ದೀಪಗಳೆಲ್ಲ ಹುಚ್ಚೆದ್ದು ಮಿನುಗಿದವು. ಆಮೇಲೆ ಆ ವಿಚಾರಣೆಯ ಭಾರಕ್ಕೇ ನೆಟ್ಟು ಪೂರ್ತಿ ನಿಂತಿತು. ಬಿಲ್ಲು ನಿಂತಿತು, ಹಾಜರಿಗೆ ಬೆರಳಿಡುವ ಯಂತ್ರವೂ ನಿಂತಿತು. ಸಾವ್ಕಾರರು ತಮ್ಮ ಕೋಣೆಯಿಂದಲೇ "ಸರೋಜಾ!" ಎಂದು ಗುಡುಗಿದರು. ಆಕೆ ಆ ದಿನ ರಜೆ ಹಾಕಿ ತವರಿಗೆ, ಡಿ. ಹಿರೇಹಾಳಿಗೆ ಹೋಗಿದ್ದರು. ನಾನು ಸಾವಿರ ಎಂದು ತಿದ್ದಿದೆ, ನೆಟ್ಟು ಮರಳಿತು. ತಪ್ಪು ಯಾರದೆಂದು ಯಾರಿಗೂ ಹೇಳಲಿಲ್ಲ. ನಿಮಗೇ ಮೊದಲು ಹೇಳುತ್ತಿರುವುದು.

ಶನಿವಾರ, ಹೆಚ್ಚು ನೆಟ್ಟು ತಿಂದವರು ಮೇಲೆ ಬರುವಂತೆ, ಪಟ್ಟಿ ತಯಾರಾಯಿತು. ಸಾವ್ಕಾರರು ಸರೋಜಕ್ಕನನ್ನೂ ಕರೆಸಿದರು. ಆಕೆಯ ಫೋನು ಇಪ್ಪತ್ತೊಂಬತ್ತನೇ ಸಾಲಿನಲ್ಲಿತ್ತು. ಅದನ್ನು ಗಟ್ಟಿಯಾಗಿ, ಸ್ಪಷ್ಟವಾಗಿ ಓದಿದೆ.

"ಮತ್ತ ಮೊದಲ್ನೇದು ಯಾರದ್ರಿ?" ಎಂದರು ಸಾವ್ಕಾರರು.

ಮೊದಲ ಹನ್ನೆರಡು ಸಾಲೂ ಕ್ಯಾಮೆರಾಗಳವು. ಹನ್ನೊಂದಕ್ಕೆ ಮನೆಗೆ ಹೋಗುವ ಸಾವ್ಕಾರರು, ಇಲ್ಲಿ ಯಾರು ಸೋಮಾರಿಗಳೆಂದು ನೋಡಲು ಹನ್ನೆರಡನ್ನೂ ಮೊಬೈಲಿನಲ್ಲಿ ಒಟ್ಟಿಗೇ ತೆರೆದಿಡುತ್ತಿದ್ದರು. ಕಾರ್ಖಾನೆಯ ನೆಟ್ಟೆಲ್ಲ ಅವರ ಮನೆಗೆ ಹರಿಯುತ್ತಿತ್ತು. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಬಾಯಿಂದ ಬಂದದ್ದು ಮಾತ್ರ ಇದು: "ಸಾವಿರಕ್ಕೆ ಒಂದನ್ನೇ ನೋಡಿರೋದಲ್ವಾ ಸಾರ್. ಇಷ್ಟರಲ್ಲೇ ಹಿಂಗೇ ಅಂತ ಹೇಳಕ್ಕಾಗಲ್ಲ."

ಸರೋಜಕ್ಕ ಹಾಳೆ ಕಸಿದುಕೊಂಡರು. "ಕ್ಯಾಮೆರಾ ಅಂತ ಬರ್ದೈತ್ರಿ ಸಾವ್ಕಾರ್ರ. ಹನ್ನೆರಡೂ ನಿಮ್ವ." ಆಮೇಲೆ ನನ್ನ ಕಡೆ ತಿರುಗಿದರು. "ಯಾಕ್ರಿ ಅಣ್ಣಾರ, ನನ್ನ ಸಾಲು ಓದೋಕ ಸಾವಿರಕ್ಕ ಒಂದು ಸಾಕಾತಲ್ರಿ?"

ಸಾವ್ಕಾರರು ಹಾಳೆ ನೋಡಿದರು, ತಮ್ಮ ಮೊಬೈಲು ನೋಡಿದರು, ನಕ್ಕುಬಿಟ್ಟರು. "ಹೋಗವಾ, ನಿನ್ನ ಕೆಲಸ ನೋಡ್ಹೋಗು" ಎಂದು ಆಕೆಯನ್ನು ಕಳಿಸಿದರು. ನನಗೆ ಹೇಳಿದ್ದು ಬೇರೆ: "ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ ನೋಡ್ರಿ ನೀವು."

ಈಗ ನೆಟ್ಟು ಸರಾಗ. ಸಾವ್ಕಾರರು ಮನೆಯಿಂದ ಒಂದೇ ಒಂದು ಕ್ಯಾಮೆರಾ ನೋಡುತ್ತಾರೆ. ಯಾವುದೆಂದು ಪ್ರತಿ ಶನಿವಾರದ ಪಟ್ಟಿಯಲ್ಲಿ ಕಾಣುತ್ತದೆ: ನನ್ನ ಕುರ್ಚಿಯ ಎದುರಿನದು. ಸಾವಿರಕ್ಕೆ ಒಂದನ್ನೇ ನೋಡಿ ಹೇಳುತ್ತಿದ್ದೇನೆ, ಆದರೂ ಈ ಸಲ ಪೂರ್ತಿ ನಂಬಿದ್ದೇನೆ.