ಒಂದು ಎಂಜಿನ್ನು, ಎರಡು ಕಂಪನಿ, ನಮ್ಮ ತಂದೆ

ಗೆ,
ಬೆಳ್ಳಿ ಲಕೋಟೆಯ ಕಂಪನಿಯ ಮಾನ್ಯ ಮುಖ್ಯಸ್ಥರು, ಹಾಗೂ
ಕಪ್ಪು ಪೆಟ್ಟಿಗೆಯ ಕಂಪನಿಯ ಅಷ್ಟೇ ಮಾನ್ಯ ಮುಖ್ಯಸ್ಥರು.

ಮಾನ್ಯರೇ,

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಇರುವ ನವನಗರದಿಂದ, ತಮ್ಮಿಬ್ಬರಿಗೂ ಒಂದಿಷ್ಟೂ ಹೆಚ್ಚುಕಡಿಮೆಯಾಗದಂತೆ ಹಂಚಿದ ನಮಸ್ಕಾರಗಳು. ಅಂಗೈಯಗಲದ ತಗಡಿನ ಹಾಳೆಗಳಲ್ಲಿ ಕೋಟೆ, ಹಡಗು, ಉಗಿ ಎಂಜಿನ್ನುಗಳನ್ನು ಚಪ್ಪಟೆಯಾಗಿ ಮಲಗಿಸಿ, ಅವನ್ನು ಕತ್ತರಿಸಿ, ಮಡಚಿ, ಎಬ್ಬಿಸಿ ನಿಲ್ಲಿಸುವ ಸಂತೋಷವನ್ನೆಲ್ಲ ಗಿರಾಕಿಗೇ ಬಿಟ್ಟುಕೊಟ್ಟಿರುವ ತಮ್ಮ ಔದಾರ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ತಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದ ಪೈಪೋಟಿದಾರರೆಂದು ಕೇಳಿದ್ದೇನೆ. ಆದರೂ ಇಬ್ಬರಿಗೂ ಸೇರಿ ಒಂದೇ ಪತ್ರ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ನನ್ನ ದೂರು ಎರಡೂ ಕಡೆ ಒಂದೇ ಆಗಿದೆ.

ಮೊದಲು ನಮ್ಮ ಪರಿಚಯ. ನಾನು ಧಾರವಾಡದ ಒಂದು ಸರ್ಕಾರಿ ಕಚೇರಿಯ ಖರೀದಿ ಶಾಖೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇದ್ದೇನೆ. ಮೂರು ದರಪಟ್ಟಿ ತರಿಸದೆ ಒಂದು ಕಸಬರಿಗೆಯನ್ನೂ ಕೊಂಡವನಲ್ಲ. ನಮ್ಮ ತಂದೆ ಅರ್ಜುನಪ್ಪನವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು, ಉಗಿ ಎಂಜಿನ್ನುಗಳ ಕಾಲದಲ್ಲಿ ಸೇರಿ ಡೀಸೆಲ್ ಕಾಲದಲ್ಲಿ ನಿವೃತ್ತರಾದವರು. ಹೋದ ದೀಪಾವಳಿಗೆ ಮುಂಚೆ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ನಾನು ಎಲೆಕ್ಟ್ರಿಷಿಯನ್ನಿಗೆ ಫೋನು ಹಚ್ಚುವಷ್ಟರಲ್ಲಿ ತಾವೇ ಸ್ಟೂಲು ಹತ್ತಿ ಫ್ಯಾನು ಬಿಚ್ಚಲು ಹೋಗಿ ಬಿದ್ದು, ಬಲಗೈಯ ಮಣಿಕಟ್ಟು ಮುರಿದುಕೊಂಡರು. ಆರು ವಾರಕ್ಕೆ ಪ್ಲಾಸ್ಟರು ತೆಗೆದರು, ಮೂಳೆ ಕೂಡಿತ್ತು, ಬೆರಳುಗಳು ಮಾತ್ರ ಮಡಚಲು ಒಪ್ಪಲಿಲ್ಲ. ರೊಟ್ಟಿ ಮುರಿಯಲಾಗದೆ ಚಮಚದಲ್ಲಿ ಅನ್ನ ಉಣ್ಣತೊಡಗಿದರು. ಅಂಗಿಯ ಗುಂಡಿಯನ್ನು ನಮ್ಮ ತಾಯಿ ಸಾವಂತ್ರೆವ್ವ ಹಾಕಬೇಕಾಯಿತು. ನಾಲ್ಕು ಜನರೆದುರು ಚಮಚ ಹಿಡಿಯುವ ನಾಚಿಕೆಗೆ ಹಳೆಯ ಗೆಳೆಯರ ಮನೆಗೆ ಹೋಗುವುದನ್ನೂ ಬಿಟ್ಟರು. ಬೆರಳಿನ ವ್ಯಾಯಾಮ ಹೇಳಿಕೊಡುವ ಅಬೀದಾ ಮೇಡಂ ಅವರು ಒತ್ತಲೆಂದು ರಬ್ಬರ್ ಚೆಂಡೊಂದನ್ನು ಕೊಟ್ಟರೆ, “ನಾ ಏನ್ ತೊಟ್ಲಾಗಿನ ಕೂಸೇನ್ರಿ?” ಎಂದು ಅದನ್ನು ಕಪಾಟಿನ ಮೇಲಕ್ಕೆ ಎಸೆದರು. ಇನ್ನೆರಡು ತಿಂಗಳು ಹೀಗೇ ಬಿಟ್ಟರೆ ಬೆರಳುಗಳು ಇದ್ದಂತೆಯೇ ಬಿಗಿದುಹೋಗುತ್ತವೆ ಎಂದು ಮೇಡಂ ನನ್ನನ್ನು ಹೊರಗೆ ಕರೆದು ಹೇಳಿದ ದಿನ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಆಗ ನನ್ನ ಮಗಳು ಮಾಯಾ ತಮ್ಮ ತಗಡಿನ ಉಗಿ ಎಂಜಿನ್ನುಗಳನ್ನು ಫೋನಿನಲ್ಲಿ ತೋರಿಸಿ, “ಅಜ್ಜಗ ಇದನ್ನ ತರಸ್ರಿ ಪಪ್ಪಾ, ಚೆಂಡಿಗಿಂತ ಛಲೋ” ಎಂದಳು. ಸಲಹೆಯೇನೋ ಒಂದೇ, ಕಂಪನಿ ಮಾತ್ರ ಎರಡು. ನನ್ನ ಸಂಕಟ ಆರಂಭವಾದದ್ದು ಇಲ್ಲಿಂದ.

ಮಾನ್ಯರೇ, ತಮ್ಮಿಬ್ಬರಲ್ಲಿ ಯಾರಿಗೂ ಅನ್ಯಾಯವಾಗಬಾರದೆಂದು ನಾನು ಕಚೇರಿಯ ರೀತಿಯಲ್ಲೇ ಹದಿನಾಲ್ಕು ಕಲಮುಗಳ ತುಲನಾತ್ಮಕ ಪಟ್ಟಿಯೊಂದನ್ನು ತಯಾರಿಸಿದೆ. ಬೆಳ್ಳಿ ಲಕೋಟೆಯವರ ತಗಡು ತೆಳು, ತುಂಡುಗಳು ಕಡಿಮೆ, ಕೂಡಿಸುವ ಕ್ರಮವನ್ನು ತಿಳಿಸುವ ಕಾಗದದಲ್ಲಿ ಒಂದಕ್ಷರವೂ ಇಲ್ಲದೆ ಬರೀ ಬಾಣಗಳಿದ್ದು, ಓದು ಬಲ್ಲವರಿಗೂ ಬಾರದವರಿಗೂ ಸಮಾನವಾಗಿ ಅರ್ಥವಾಗದಂತೆ ನೋಡಿಕೊಳ್ಳಲಾಗಿದೆ. ಕಪ್ಪು ಪೆಟ್ಟಿಗೆಯವರ ತಗಡು ದಪ್ಪ, ಬಣ್ಣ ಬಂಗಾರದ್ದು, ತುಂಡುಗಳು ಎರಡರಷ್ಟು, ಮತ್ತು ಅವುಗಳಲ್ಲಿ ಅರ್ಧದಷ್ಟು ತುಂಡುಗಳು ಜೋಳದ ಕಾಳಿಗಿಂತ ಚಿಕ್ಕವು. ಇನ್ನು ಇಂಟರ್‌ನೆಟ್ಟಿನಲ್ಲಿ ತಮ್ಮ ಅಭಿಮಾನಿಗಳು ಬೀಗರ ಹಾಗೆ ಎರಡು ಪಂಗಡವಾಗಿ ಕುಳಿತಿದ್ದಾರೆ. ತುಂಡಿಗೆ ತುಂಡು ಕೂಡಿಸಲು ತೂತಿನಲ್ಲಿ ತೂರಿಸಿ ಮಡಚುವ ಬೆಳ್ಳಿಯವರ ತಗಡಿನ ಕಿವಿಯನ್ನು ಎರಡನೆಯ ಸಲ ಮಡಚಿದರೆ ಕಿತ್ತು ಬರುತ್ತದೆ ಎಂದು ಒಬ್ಬರು ಬರೆದರೆ, ಕಪ್ಪಿನವರ ಕಿವಿ ಮೊದಲನೆಯ ಸಲವೂ ಮಡಚುವುದಿಲ್ಲ ಎಂದು ಇನ್ನೊಬ್ಬರು ಬರೆಯುತ್ತಾರೆ. ಇಬ್ಬರ ಮಾತೂ ಸತ್ಯವೆಂದು ಮುಂದೆ ನನ್ನ ಬೆರಳುಗಳೇ ಸಾಕ್ಷಿ ಹೇಳಿದವು.

ಹೀಗೆ ಹದಿನಾರು ದಿನ ಕಳೆದವು. ಪಟ್ಟಿಗೆ ಹದಿನೈದನೆಯ ಕಲಮು ಸೇರಿಸುತ್ತಿದ್ದಾಗ ನನ್ನ ಹೆಂಡತಿ ಭಾಗ್ಯಾ ಚಹಾದ ಕಪ್ಪನ್ನು ಅದರ ಮೇಲೆಯೇ ಇಟ್ಟು, “ಮಾವಾರ ಕೈಬಟ್ಟು ಕಟಿಗಿ ಆದ ಮ್ಯಾಲೆ ನಿಮ್ಮ ಟೆಂಡರ್ ತೆರಿಯೂದೇನ್ರಿ?” ಎಂದಳು. ನನ್ನ ಸೇವಾವಧಿಯಲ್ಲಿ ಮೊದಲ ಬಾರಿಗೆ ನಿಯಮ ಮುರಿದು, ಅಂದು ಸಂಜೆಯೇ ಎರಡನ್ನೂ ತರಿಸಲು ಆರ್ಡರು ಕೊಟ್ಟೆ.

ತಮ್ಮ ಸರಕುಗಳು ಒಂದೇ ದಿನ ಬಂದವು. ತಂದೆಯವರು ತಗಡಿನ ಹಾಳೆಯನ್ನು ಬೆಳಕಿಗೆ ಹಿಡಿದು, “ಶ್ಯಾವಿಗಿ ಒತ್ತೋ ತಗಡು ತರಸೀಯೇನೋ?” ಎಂದು ಕೇಳಿ ಟೀವಿಯ ಕಡೆ ತಿರುಗಿದರು. ಬೇರೆ ದಾರಿ ಕಾಣದೆ ನಾನೇ ಅವರ ಕಣ್ಣಿಗೆ ಬೀಳುವಂತೆ ಕುಳಿತು ಬೆಳ್ಳಿ ಎಂಜಿನ್ನನ್ನು ಕೂಡಿಸತೊಡಗಿದೆ. ನಾನು ಇಕ್ಕಳ ಹಿಡಿದ ರೀತಿಗೆ ಅವರು ಮೂರು ದಿನ ಬರೀ ನಿಟ್ಟುಸಿರು ಬಿಟ್ಟರು. ನಾಲ್ಕನೆಯ ದಿನ, ತಮ್ಮ ಬಾಣಗಳಿಗೆ ತಲೆಬಾಗಿ ನಾನು ಎರಡೂ ಬದಿಯ ಗಾಲಿಗಳಿಗೆ ತಳ್ಳುಗೋಲುಗಳನ್ನು ಸಿಕ್ಕಿಸುತ್ತಿದ್ದಾಗ, ಕುರ್ಚಿಯಿಂದ ಎದ್ದೇಬಿಟ್ಟರು.

“ಏ ಉದಯಾ, ತಡಿಯೋ! ಎರಡೂ ಕಡಿ ಗಾಲಿ ಒಂದ ನಮೂನಿ ಕೂಡಸ್ಯಾರಲ್ಲೋ! ಒಂದು ಕಡಿದು ಕಾಲು ಸುತ್ತು ಮುಂದ ಇರಬೇಕಲಾ! ಎರಡೂ ಕೋಲು ಒಮ್ಮೆಲೆ ತುದಿಗಿ ಬಂದು ನಿಂತ್ರ ದಬ್ಬಾವ್ರು ಯಾರು, ನಿಮ್ಮಪ್ಪಾ?”

ಅವರಪ್ಪನೋ ನಮ್ಮಪ್ಪನೋ ಎಂದು ಯೋಚಿಸುವಷ್ಟು ಸಮಯ ಸಿಗಲಿಲ್ಲ. ಕಪ್ಪು ಪೆಟ್ಟಿಗೆಯನ್ನೂ ಬಿಚ್ಚಿಸಿ ಅದರ ಚಿತ್ರ ನೋಡಿದರು. ಅಲ್ಲಿಯೂ ಅದೇ ತಪ್ಪು! ಮಾನ್ಯರೇ, ಹದಿನಾಲ್ಕು ಕಲಮುಗಳಲ್ಲಿ ಒಂದರಲ್ಲೂ ಹೊಂದದ ತಾವಿಬ್ಬರೂ, ಎಂಜಿನ್ನು ಮುಂದಕ್ಕೆ ಹೋಗಲೇಬಾರದು ಎಂಬ ಈ ಒಂದು ವಿಷಯದಲ್ಲಿ ತೋರಿರುವ ಒಗ್ಗಟ್ಟಿಗೆ ನನ್ನ ಹೃತ್ಪೂರ್ವಕ ಅಭಿನಂದನೆಗಳು. ಕಪಾಟಿನಲ್ಲಿ ನಿಲ್ಲುವ ಮೂರಿಂಚಿನ ಬೊಂಬೆ ಎಲ್ಲಿಗೂ ಹೋಗಬೇಕಿಲ್ಲವೆಂದು ನಾನು ತಮ್ಮ ಪರವಾಗಿ ವಾದಿಸಿ ನೋಡಿದೆ. ಹಾಗಾದರೆ ನೀನು ಕಚೇರಿಯಲ್ಲಿ ಏನು ಮಾಡುತ್ತೀ ಎಂಬರ್ಥದ ನೋಟವೊಂದು ಬಂತು.

ಅಂದೇ ಇಕ್ಕಳ ಅವರ ಕೈ ಸೇರಿತು. ಮೊದಲು ಎಡಗೈಯಲ್ಲಿ ಹಿಡಿದು ನೋಡಿದರು, ಆಗಲಿಲ್ಲ. ಬೈದುಕೊಳ್ಳುತ್ತಾ ಬಲಗೈಗೆ ಬದಲಿಸಿದರು. ಗಾಲಿಯನ್ನು ಹಿಡಿಯಲಾರದೆ ಹನ್ನೊಂದು ಸಲ ಬೀಳಿಸಿದರು, ಹನ್ನೊಂದು ಸಲವೂ ನಮ್ಮ ತಾಯಿ ಸೋಫಾದ ಕೆಳಗಿಂದ ಹುಡುಕಿ ಕೊಟ್ಟರು. ಮರುದಿನ ಟ್ರಂಕಿನಿಂದ ತಮ್ಮ ಹಳೆಯ ಸಣ್ಣ ಅರವನ್ನು ತೆಗೆದು ಅಚ್ಚುಗಳ ತುದಿಯನ್ನು ಉಜ್ಜಿದರು. ಬೆಳ್ಳಿಯವರ ಗಾಲಿಯ ಕಿವಿಗಳು ಕಿತ್ತುಹೋದಾಗ ಕಪ್ಪಿನವರ ಗಾಲಿಗಳನ್ನು ತಂದು ಬೆಳ್ಳಿಯವರ ಒಡಲಿಗೆ ಕೂಡಿಸಿದರು. ಇಪ್ಪತ್ತು ದಿನ ನಮ್ಮ ಊಟದ ಮೇಜು ಅವರದಾಗಿತ್ತು, ನಾವು ಅಡುಗೆಮನೆಯ ನೆಲದ ಮೇಲೆ ಉಂಡೆವು. ಇಪ್ಪತ್ತೊಂದನೆಯ ದಿನ ಅವರೂ ನಮ್ಮ ಸಾಲಿನಲ್ಲೇ ಬಂದು ಕುಳಿತು, ಚಮಚ ಪಕ್ಕಕ್ಕಿಟ್ಟು, ರೊಟ್ಟಿ ಮುರಿದರು. ನಮ್ಮ ತಾಯಿ ಕೇಳದೆಯೇ ಎರಡನೆಯ ರೊಟ್ಟಿ ಹಾಕಿದರು, ನಾನು ತಟ್ಟೆಯ ಮೇಲೆ ಬಗ್ಗಿ ಕಣ್ಣೊರೆಸಿಕೊಂಡೆ.

ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಒಬ್ಬ ಫಿಟ್ಟರ್ ಕೂಡಿಸಿದ್ದನ್ನು ಇನ್ನೊಬ್ಬ ಫಿಟ್ಟರ್ ನೋಡಿ ಸೀಮೆಸುಣ್ಣದ ಗೀಟು ಎಳೆಯುವವರೆಗೆ ಅದು ಪಾಸಾಗುವುದಿಲ್ಲವೆಂಬುದು ಅವರ ತಂಡದ ಪದ್ಧತಿಯಂತೆ. ಹಾಗಾಗಿ ಅವರ ಜೊತೆ ದುಡಿದ ಗುಡ್ಡಪ್ಪ ಕಾಕಾ ಹುಬ್ಬಳ್ಳಿಯಿಂದ ಬಂದರು. ಭೂತಗನ್ನಡಿ ಹಿಡಿದು ಅರ್ಧ ತಾಸು ನೋಡಿ, ಗಾಲಿಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ, “ಕಾಲು ಸುತ್ತು ಖರೇ ಐತಿ, ಅರ್ಜುನಾ” ಎಂದು ಗೀಟು ಎಳೆದರು. ಆ ಗೀಟಿನಲ್ಲಿ ಅರ್ಧ ಎಂಜಿನ್ನೇ ಮುಚ್ಚಿಹೋಯಿತು. ಅದನ್ನು ಒರೆಸುವ ಅಧಿಕಾರ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಇನ್ನು ನನ್ನ ಬೇಡಿಕೆಗಳು. ತಾವು ಈವರೆಗೆ ಜಗತ್ತಿನಾದ್ಯಂತ ಮಾರಿದ ಎಲ್ಲ ಎಂಜಿನ್ನುಗಳನ್ನು ವಾಪಸು ತರಿಸಿ, ಗಾಲಿ ತಿದ್ದಿಸಲು ನವನಗರಕ್ಕೆ ಕಳಿಸಬೇಕು. ಒಮ್ಮೆಲೇ ಬೇಡ, ವಾರಕ್ಕೆ ನಾಲ್ಕರಂತೆ. ಯಾವ ಕಂಪನಿ ಉತ್ತಮವೆಂಬ ಕಲಮು ನನ್ನ ಪಟ್ಟಿಯಲ್ಲಿ ಇನ್ನೂ ಖಾಲಿಯಿದೆ. ನಮ್ಮ ಮನೆಯ ಎಂಜಿನ್ನು ತಮ್ಮಿಬ್ಬರ ಅರ್ಧರ್ಧವಾದ್ದರಿಂದ ತಾವಿಬ್ಬರೂ ಕೂಡಲೇ ಒಂದಾಗಿ ನನ್ನ ದಾಖಲೆಯನ್ನು ಸರಿಪಡಿಸಿಕೊಡಬೇಕು. ಕೈ ನೆಟ್ಟಗಾದ ಮೇಲೆ ತಂದೆಯವರು ಮಿಕ್ಸರು, ಇಸ್ತ್ರಿ ಪೆಟ್ಟಿಗೆ ಮತ್ತು ಪಕ್ಕದ ಮನೆಯ ಗೇಟಿನ ಚಿಲಕವನ್ನು ಬಿಚ್ಚಿಟ್ಟಿದ್ದಾರೆ, ಅದಕ್ಕೂ ತಾವೇ ಹೊಣೆ. ಮತ್ತು ಬಹಳ ಮುಖ್ಯವಾಗಿ, ಮುಂದಿನ ಸಲ ನಾವು ಹಡಗು ತರಿಸಲಿದ್ದೇವೆ; ಅದರಲ್ಲಿ ದಯವಿಟ್ಟು ಒಂದಾದರೂ ದೊಡ್ಡ ತಪ್ಪು ಇರುವಂತೆ ನೋಡಿಕೊಳ್ಳಿ. ಎಲ್ಲ ಸರಿಯಿದ್ದ ಸಾಮಾನನ್ನು ನಮ್ಮ ತಂದೆ ಕಣ್ಣೆತ್ತಿಯೂ ನೋಡುವುದಿಲ್ಲ.

ತಮ್ಮಿಬ್ಬರ ತಪ್ಪಿಗೂ ಸಮಾನವಾಗಿ ಋಣಿಯಾದ,
ತಮ್ಮ ವಿಶ್ವಾಸಿ,
ಉದಯಕುಮಾರ ಅರ್ಜುನಪ್ಪ
ನವನಗರ

ತಾ.ಕ.: ಮಗ ಬರದದ್ದು ಓದೀನಿ, ಭಾಳ ಉದ್ದ ಆಗೇತಿ. ನಿಮ್ಮ ಫ್ಯಾಕ್ಟರ್‍ಯಾಗ ಒಬ್ಬರೂ ಫಿಟ್ಟರ್ ಇಲ್ಲೇನ್ರಿ? ಕಲಿಯೂದಿತ್ತಂದ್ರ ಇಲ್ಲಿಗಿ ಬರ್ರಿ, ಕಲಸ್ತೇನಿ, ಚಾ ಕುಡದು ಹೋಗ್ರಿ. ಅಕ್ಷರ ಸೊಟ್ಟ ಬಂದಾವು. ಗಾಲಿ ಸೊಟ್ಟ ಇಲ್ಲ. ಇಷ್ಟೂ ಬಲಗೈಲೇ ಬರದೇನಿ. — ಅರ್ಜುನಪ್ಪ, ಫಿಟ್ಟರ್.