ಐದಕ್ಕೆ ಎಷ್ಟು ಕೊಡ್ತೀರಿ ಅಜ್ಜಿ?

ಯಾರದಾದರೂ ಬಾಗಿಲು ತಟ್ಟಿ ಒಂದು ಪ್ರಶ್ನೆ ಕೇಳಿ ನೋಡಿ. ಉತ್ತರವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ: ಕಾಫಿ, ಸೀಬೆಹಣ್ಣು, ಅಳಿಯನ ಮೇಲಿನ ದೂರು. ನಿವೃತ್ತನಾದ ಮೇಲೆ ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ತೊಂಬತ್ತರ ದಶಕದ ಆ ಬಸ್ಸುಗಳು ಬಂದು ನನ್ನನ್ನು ಹತ್ತಿಸಿಕೊಳ್ಳುತ್ತವೆ.

ಆಗ ನಾನು ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿದ್ದೆ. ಚಿಕಿತ್ಸೆ ಪಡೆದವರ ಮನೆಗೆ ಹೋಗಿ, "ಹೇಗೆ ನೋಡಿಕೊಂಡರು? ಐದಕ್ಕೆ ಎಷ್ಟು ಅಂಕ?" ಎಂದು ಕೇಳುವುದು ನನ್ನ ಕೆಲಸ. ಎಲ್ಲರೂ ಐದಕ್ಕೆ ಐದು! ದೊಡ್ಡ ಡಾಕ್ಟರಿಗೆ ಇದೇ ತಲೆನೋವು. "ಅಷ್ಟು ಚೆನ್ನಾಗಿದ್ದರೆ ಮಿರ್ಲೆಯ ಅಜ್ಜಿ ಅರ್ಧಕ್ಕೇ ಯಾಕ್ರೀ ಬಿಟ್ಟು ಹೋದರು? ಬೇಗ ವಾಪಸು ಬರದಿದ್ದರೆ ಅವರ ಜೀವಕ್ಕೇ ಅಪಾಯ. ಏನು ಕೊರತೆ ತಿಳಿದುಕೊಂಡು ಬನ್ನಿ" ಎಂದರು.

ಅಜ್ಜಿಯ ಹತ್ತಿರ ಹೋಗುವ ಮೊದಲೇ ನನಗೆ ಪಾಠ ಕಲಿಸಿದವರಿದ್ದಾರೆ. ಅವರ ವಿಷಯ ಮೊದಲು ಹೇಳಿಬಿಡುತ್ತೇನೆ.

ಹುಣಸೂರಿನ ಕಾಫಿ

ಬಿಳಿಕೆರೆಯ ಮಂಜಿನಲ್ಲಿ ಬಸ್ಸು ತೇಲುತ್ತಿತ್ತೋ, ನಾನೇ ತೇಲುತ್ತಿದ್ದೆನೋ! ತೇಲಿಕೊಂಡೇ ಹೋಗಿ ಹುಣಸೂರಿನ ಹತ್ತಿರ ಒಬ್ಬ ರೈತರ ಜಗಲಿಯಲ್ಲಿ ಕೂತೆ.

"ಆಸ್ಪತ್ರೆಯಲ್ಲಿ ಏನಾದರೂ ಕೊರತೆ?"

"ಏನೂ ಇಲ್ಲ, ಐದು ಬರ್ಕಳಿ."

ಕಾಫಿ ಬಂತು, ಕುಡಿದೆ.

"ಕಾಫಿ ಎಂಗಿತ್ತು ಸಾಮಿ?"

"ಬಹಳ ಚೆನ್ನಾಗಿತ್ತು."

ಅವರು ಗಹಗಹಿಸಿ ನಕ್ಕರು. "ಸಕ್ಕರೆ ಆಕೋದೇ ಮರ್ತೋಯ್ತು ಅಂತ ನನ್ನೆಂಡ್ರು ಒಳಗಿಂದ ಸನ್ನೆ ಮಾಡ್ತಾವ್ಳೆ. ನೀವ್ ಬಾಯ್ ಬುಟ್ರಾ? ನಾನೂ ಅಂಗೇ ಕಣ್ರೀ, ಅವ್ರ ಅನ್ನ ಉಂಡಿವ್ನಿ!"

ಹಂಪಾಪುರದ ಗ್ಯಾಸ್ಟ್ರಿಕ್

ಕಾಯಿಲೆ ಗಂಡನಿಗೆ. ಹೆಂಡತಿ ಅಂಗಳದಲ್ಲೇ ತಡೆದು ಪಿಸುಗುಟ್ಟಿದರು: "ಅವ್ರಿಗೆ ಗ್ಯಾಸ್ಟ್ರಿಕ್ ಅಂತ ಏಳಿವ್ನಿ. ಆ ಎಸರು ಎತ್ಬೇಡಿ."

ಆಕೆ ನೀರು ತರಲು ಹೋದಾಗ ಗಂಡ ನನ್ನ ಕಿವಿಗೆ ಬಗ್ಗಿದರು: "ನಂಗೊತ್ತು ಅಂತ ಅವ್ಳಿಗೆ ಏಳ್ಬೇಡಿ, ಎದ್ರಕಂಬುಡ್ತಾಳೆ."

ಮೂವರೂ ಬಹಳ ಗಂಭೀರವಾಗಿ ಗ್ಯಾಸ್ಟ್ರಿಕ್ಕಿನ ಬಗ್ಗೆ ಮಾತಾಡಿದೆವು. ಹೊರಗೆ ಬಂದರೆ ಎದುರುಮನೆಯಾತ ಕೂಗಿ ಕೇಳಿದ: "ಕ್ಯಾನ್ಸರ್ ಆಸ್ಪತ್ರೆಯವ್ರಾ? ಗ್ಯಾಸ್ಟ್ರಿಕ್ ಎಂಗೈತಂತೆ?"

ಮಿರ್ಲೆಯ ಅಜ್ಜಿ

ಕೆ.ಆರ್. ನಗರ ದಾಟಿ ಮಿರ್ಲೆಗೆ ಹೋದಾಗ ಅಜ್ಜಿ ಅವರೆಕಾಯಿ ಬಿಡಿಸುತ್ತಿದ್ದರು. ಹೊಟ್ಟೆಯ ಗಡ್ಡೆಗೆ ಮಿಷಿನ್ನಿನಲ್ಲಿ 'ಕರೆಂಟು', ಅಂದರೆ ವಿಕಿರಣ, ಕೊಡಿಸುವುದು ಅರ್ಧಕ್ಕೆ ನಿಂತಿತ್ತು. ಹುಣಸೂರಿನ ಕಾಫಿ ನೆನಪಾಗಿ, ಆಸ್ಪತ್ರೆಯ ಸುದ್ದಿಯೇ ಎತ್ತದೆ ನಾನೂ ಕಾಯಿ ಬಿಡಿಸಲು ಕೂತೆ. ಎಳೆಬಿಸಿಲು, ಅವರೆ ಸೊಗಡು; ಬಂದ ಕೆಲಸವೇ ಮರೆತುಹೋಗುವಂತಿತ್ತು. ಮೊರ ತುಂಬುತ್ತಾ ಬಂದಾಗ ಅಜ್ಜಿಯೇ ಬಾಯಿಬಿಟ್ಟರು.

"ಎಲ್ಲಾ ಸರೀನೇ ಕಣಪ್ಪ. ಆದ್ರೆ ಮಿಷಿನ್ ನಡ್ಸೋ ಆ ಮಗಳು ನನ್ನ ಮಿಷಿನ್ ಕೆಳಗೆ ಮನಗ್ಸಿ, ಅಲ್ಲಾಡ್ಬೇಡಿ ಅಂದು, ತಾನು ಆಚೆಗ್ ಓಡೋಗಿ ಬಾಗ್ಲಾಕ್ಕಂಬುಡ್ತಾಳೆ. ಒಬ್ಳೇ ಎಂಗಪ್ಪ ಇರೋದು?"

ಓಡಿಬಂದು ಡಾಕ್ಟರಿಗೆ ಹೇಳಿದೆ. ವಿಕಿರಣ ತಾಗಬಾರದೆಂದು ಮಿಷಿನ್ ನಡೆಸುವವರು ಹೊರಗಿರಲೇಬೇಕು; ಆದರೆ ಆ ಕೋಣೆಯಲ್ಲಿ ಮೈಕು ಇದ್ದೇ ಇತ್ತು, ಬಳಸುವವರಿರಲಿಲ್ಲ. "ಇನ್ನು ಮಾತಾಡಿಸ್ತಾರೆ, ಬನ್ನಿ" ಎಂದು ಅಜ್ಜಿಯನ್ನು ಕರೆತಂದೆ. ಮಿಷಿನ್ ನಡೆಸುವಾಕೆ ಹೊರಗಿನಿಂದ ಮಾತಾಡಿಸುವುದು, ಅಜ್ಜಿ ಅಲುಗಾಡದೆ ಮಲಗಿದ್ದಲ್ಲೇ ಉತ್ತರ ಕೊಡುವುದು. ಅಂತೂ ಚಿಕಿತ್ಸೆ ಪೂರ್ತಿಯಾಯಿತು. ಅಜ್ಜಿ ಹೇಳಿದ್ದನ್ನು ಕೇಳಿ ಕೇಳಿ ಮಿಷಿನ್ನಿನಾಕೆಗೆ ಹಿತಕಿದ ಬೇಳೆ ಸಾರು ಮಾಡಲೂ ಬಂತು!

ಕೊನೆಯ ದಿನ ಡಾಕ್ಟರ ಎದುರಿಗೇ ಕೇಳಿದೆ: "ಐದಕ್ಕೆ ಎಷ್ಟು ಕೊಡ್ತೀರಿ ಅಜ್ಜಿ?"

"ನಾಕು."

ನನ್ನ ಜೀವಮಾನದ ಮೊದಲ ನಾಲ್ಕು! ಡಾಕ್ಟರು ಸಂತೋಷಕ್ಕೆ ಎದ್ದೇ ನಿಂತರು. "ಒಂದು ಯಾಕಜ್ಜಿ ಕಡಿಮೆ?"

"ಒಳಗೆ ಮನಗಿದ್ದ ನಂಗೇ ಏನೂ ಆಗ್ನಿಲ್ಲ. ಆ ಮಿಷಿನ್ ಮಗಳು ದಿನಾ ಎದ್ರಿ ಆಚೆಗ್ ಓಡೋದು! ನಾನೇ ಮಾತಾಡ್ಸಿ ಧೈರ್ಯ ತುಂಬ್ಬೇಕಾಯ್ತು. ಇಂಥ ಪುಕ್ಕಲು ಮಗೀನ ಒಬ್ಳೇ ಬುಡ್ತಾರಾ? ಜೊತೆಗೊಬ್ರನ್ನ ಆಕಿ, ಐದು ಕೊಡ್ತೀನಿ."